ವಿರಾಮವೂ ಅನ್ವಯವೂ: ಇಂಗ್ಲಿಷು ವಾಕ್ಯಚಿಹ್ನೆಗಳೂ ಮುಧೋಳ-ಜಮಖಂಡಿ ಸೀಮೆಯ ಬರವಣಿಗೆಯೂ

ಇಂಗ್ಲಿಷು ವಾಕ್ಯದಲ್ಲಿ ಕಾಮಾ, ಸೆಮಿಕೋಲನ್, ಕೋಲನ್, ಫುಲ್‌ಸ್ಟಾಪ್ ಮೊದಲಾದ ಚಿಹ್ನೆಗಳನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದು ಶಾಲಾಬಾಲಕರಿಗೆ ಸೇರಿದ ಅಲ್ಪವಿಷಯವೆಂದು ಸಾಮಾನ್ಯವಾಗಿ ಎಣಿಸಲ್ಪಡುತ್ತದೆ. ಆದರೆ ಆ ಭಾಷೆಯನ್ನು ಚೆನ್ನಾಗಿ ಓದಿ ತಿಳಿದವರೂ ಬರೆಯುವಾಗ ಈ ಚಿಹ್ನೆಗಳಲ್ಲಿ ಎಡವುವುದು ಅಧ್ಯಾಪಕರೆಲ್ಲರಿಗೂ ಅನುಭವಸಿದ್ಧವಾಗಿದೆ. ಈ ದೋಷಕ್ಕೆ ಅಜಾಗರೂಕತೆಯೇ ಕಾರಣವೆಂದು ಹೇಳಿ ತೃಪ್ತಿಪಡುವುದು ಯುಕ್ತವಲ್ಲ. ಒಂದೇ ಬಗೆಯ ತಪ್ಪು ಅನೇಕರಲ್ಲಿ ಒಂದೇ ರೀತಿಯಾಗಿ ಕಾಣುವಲ್ಲಿ ಅದಕ್ಕೆ ವ್ಯವಸ್ಥಿತವಾದ ಕಾರಣವೊಂದು ಇರಲೇಬೇಕು. ಆ ಕಾರಣವು ಎರಡು ಭಾಷೆಗಳ ವಾಕ್ಯರಚನೆಯಲ್ಲಿಯೂ, ಈ ಚಿಹ್ನೆಗಳಿಗೆ ಕನ್ನಡದಲ್ಲಿ ಇಟ್ಟ ಹೆಸರಿನಲ್ಲಿಯೂ ಅಡಗಿದೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಸಾಕ್ಷ್ಯವಾಗಿ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯನ್ನು ಆರಿಸಿಕೊಳ್ಳಲು ಕಾರಣವುಂಟು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಈ ಊರುಗಳು ೧೯೪೮ರ ವಿಲೀನೀಕರಣದವರೆಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದುವು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನ, ಜಮಖಂಡಿಯು ಪಟವರ್ಧನರದು, ಬನಹಟ್ಟಿಯು ಜಮಖಂಡಿಗೂ ಅದಕ್ಕೆ ಅಂಟಿದಂತಿರುವ ರಬಕವಿಯು ಸಾಂಗಲಿಗೂ ಸೇರಿದ್ದುವು, ಬೀಳಗಿಯು ಬ್ರಿಟಿಷರ ಜಿಲ್ಲೆಯಲ್ಲಿತ್ತು. ಹೀಗಾಗಿ ಶಿಲೆಯ ಮೇಲಣ ಹಳಗನ್ನಡ, ಓಲೆಯ ಮೇಲಣ ಚಂಪೂಕಾವ್ಯ, ದಫ್ತರದ ಮೋಡಿ ಮರಾಠಿ, ಶಾಲೆಯ ಇಂಗ್ಲಿಷು ಎಂಬ ನಾಲ್ಕು ಬರವಣಿಗೆಗಳು ಇಲ್ಲಿ ಒಂದರ ಮೇಲೊಂದು ಬಂದು ನಿಂತಿವೆ. ಇವುಗಳಲ್ಲಿ ಮೊದಲ ಮೂರು ಇಂದಿನ ಅರ್ಥದ ವಾಕ್ಯಚಿಹ್ನೆಗಳಿಲ್ಲದೆ ನಡೆದುವು. ನಾಲ್ಕನೆಯದು ಅವಿಲ್ಲದೆ ನಡೆಯಲಾರದು. ಈ ಭೇದವು ಏತಕ್ಕೆ ಎಂಬುದೇ ವಿಚಾರಿಸತಕ್ಕ ಪ್ರಶ್ನೆ.

೧

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಗೊಂಕನು ಕಟ್ಟಿಸಿದ ನೇಮಿನಾಥ ಜಿನಾಲಯಕ್ಕೆ ಸಂಬಂಧಿಸಿದ ಶಾಸನವಿದೆ. ಅದರ ಮೊದಲ ದತ್ತಿಯ ಕಾಲ ಕ್ರಿ.ಶ. ೧೧೨೩. ಇದನ್ನು ಫ್ಲೀಟ್ ಮಹಾಶಯರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿ ವಿದ್ವಾಂಸರಿಗೆ ಪರಿಚಯಮಾಡಿಕೊಟ್ಟರು. ಆ ಕಾಲದ ಕನ್ನಡ ಶಾಸನಗಳ ಬರವಣಿಗೆಯ ಕ್ರಮವು ಸುವಿದಿತವಾದುದು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಪದ್ಯದ ಕೊನೆಯಲ್ಲಿ ಒಂದೋ ಎರಡೋ ದಂಡಗಳು ಬರುವುದುಂಟು, ಬಾರದಿರುವುದೂ ಉಂಟು. ಕಂದಪದ್ಯ ಬಂದಲ್ಲಿ ‘ಕಂ’ ಎಂದೂ, ವೃತ್ತ ಬಂದಲ್ಲಿ ‘ವೃ’ ಎಂದೂ ಸಂಕೇತಾಕ್ಷರವಿಟ್ಟು ದಂಡಹಾಕುವ ಪದ್ಧತಿಯೂ ಕಾಣುತ್ತದೆ. ಅಂದರೆ ಲಿಪಿಕಾರನು ಓದುಗನಿಗೆ ತಿಳಿಸಬೇಕೆಂದು ಬಯಸಿದ್ದು ಛಂದಸ್ಸು ಎಲ್ಲಿ ಬದಲಾಗುವುದೆಂಬುದನ್ನು. ಕರ್ತೃಪದ ಎಲ್ಲಿ ಮುಗಿಯಿತು, ಉಪವಾಕ್ಯ ಎಲ್ಲಿ ಆರಂಭವಾಯಿತು ಎಂಬುದನ್ನು ತಿಳಿಸುವ ಅವಶ್ಯಕತೆ ಅವನಿಗೆ ತೋರಲಿಲ್ಲ.

ಮುಧೋಳದ ಮಹಾಕವಿ ರನ್ನನ ಕಾವ್ಯಗಳೂ ಇದೇ ರೀತಿಯಾಗಿ ಓಲೆಗಳ ಮೇಲೆ ನಮ್ಮ ನಾಡಿನಲ್ಲಿ ಉಳಿದುಬಂದುವು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ತೈಲಪನಿಂದಲೂ ಸತ್ಯಾಶ್ರಯನಿಂದಲೂ ಮನ್ನಣೆಗೊಂಡು, ಅತ್ತಿಮಬ್ಬೆಯ ಆಶ್ರಯದಲ್ಲಿ ೯೯೩ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ ಈ ಕವಿಯ ‘ಗದಾಯುದ್ಧ’ವು ಸಂಭಾಷಣೆಗಳಿಂದ ತುಂಬಿದ ಕೃತಿ. ಭೀಮ, ದ್ರೌಪದಿ, ದುರ್ಯೋಧನ, ಸಂಜಯ ಮೊದಲಾದವರು ಮಾತಿಗೆ ಮಾತು ಕೊಡುತ್ತಲೇ ಇರುತ್ತಾರೆ. ಇಂತಹ ಕೃತಿಯನ್ನು ಉದ್ಧರಣಚಿಹ್ನೆಯಿಲ್ಲದೆ, ಪ್ರಶ್ನಾರ್ಥಕವಿಲ್ಲದೆ, ಪದಗಳನ್ನು ಬಿಡಿಸದೆ ಬರೆದಿಟ್ಟರೂ ತಲೆಮಾರುಗಳ ಓದುಗರಿಗೆ ಅರ್ಥವಾಯಿತು. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಚಿಹ್ನೆಗಳಿಲ್ಲದ ಓಲೆಗಳನ್ನು ಅಷ್ಟು ಸಂಖ್ಯೆಯಲ್ಲಿ ಹಂಚುವ ಸಾಹಸವು ಓದುವವರಿರುವಲ್ಲಿ ಮಾತ್ರ ನಡೆಯತಕ್ಕದ್ದು.

ಇದು ಹೇಗೆ ಸಾಧ್ಯವಾಯಿತೆಂದರೆ, ಇಂಗ್ಲಿಷು ಚಿಹ್ನೆಗಳಿಂದ ಮಾಡಿಸುವ ಕೆಲಸವನ್ನು ಕನ್ನಡವು ಪ್ರತ್ಯಯಗಳಿಂದಲೂ ಅವ್ಯಯಗಳಿಂದಲೂ ಮಾಡಿಸುತ್ತದೆ. ಪೂರ್ಣಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿಯೇ ಬರುವುದರಿಂದ ಅದೇ ವಾಕ್ಯಾಂತ್ಯದ ಗುರುತು. ನಡುವಣ ಕ್ರಿಯೆಗಳು ‘ಬಂದು’, ‘ನೋಡಿ’, ‘ಕೇಳಿ’ ಎಂಬ ಅಪೂರ್ಣರೂಪಗಳಲ್ಲಿ ಇರುವುದರಿಂದ ವಾಕ್ಯವು ಇನ್ನೂ ಮುಗಿದಿಲ್ಲವೆಂದು ಅವೇ ಹೇಳುತ್ತವೆ. ಪರರ ಮಾತು ಮುಗಿದುದನ್ನು ‘ಎಂದು’, ‘ಎನೆ’, ‘ಎಂಬ’ ಎಂಬುವು ಸೂಚಿಸುತ್ತವೆ. ಪ್ರಶ್ನೆಯನ್ನು ‘ಬಂದನೇ’, ‘ಬಂದನೋ’ ಎಂಬಲ್ಲಿನ ಸ್ವರವೇ ತಿಳಿಸುತ್ತದೆ. ಸಂಬೋಧನೆಗೆ ಅದರದೇ ಆದ ರೂಪವುಂಟು. ಅನೇಕ ಪದಾರ್ಥಗಳನ್ನು ಸಾಲಾಗಿ ಹೇಳುವಾಗ ‘ಜಮಖಂಡಿಯೂ ಮುಧೋಳವೂ ಬೀಳಗಿಯೂ’ ಎಂದು ಸಮುಚ್ಚಯದ ಪ್ರತ್ಯಯ ಬರುತ್ತದೆ. ಅಲ್ಲಿ ಅಲ್ಪವಿರಾಮವನ್ನು ಇಟ್ಟರೂ ಬಿಟ್ಟರೂ ಅರ್ಥಕ್ಕೆ ಹಾನಿಯಿಲ್ಲ. ಇಂಗ್ಲಿಷಿನಲ್ಲಿ ಇಂತಹ ಪ್ರತ್ಯಯಗಳು ಬಹುಮಟ್ಟಿಗೆ ಅಳಿದುಹೋಗಿವೆ. ಪದದ ಸ್ಥಾನವೂ ಚಿಹ್ನೆಯೂ ಸೇರಿ ಆ ಭಾರವನ್ನು ಹೊರುತ್ತವೆ.

೨

ಕನ್ನಡದ ಕಾವ್ಯಪರಂಪರೆಯಲ್ಲಿ ಉಸಿರಿನ ನಿಲುಗಡೆಗೂ ಅರ್ಥದ ನಿಲುಗಡೆಗೂ ಇರುವ ಭೇದವು ಬಹು ಹಿಂದೆಯೇ ಗೊತ್ತಾಗಿತ್ತೆಂಬುದಕ್ಕೆ ಇನ್ನೊಂದು ಪ್ರಮಾಣವಿದೆ. ಸಂಸ್ಕೃತ ಛಂದಶ್ಶಾಸ್ತ್ರದಲ್ಲಿ ಯತಿಯೆಂದರೆ ವೃತ್ತದ ಪಾದದಲ್ಲಿ ನಿಯತವಾದ ಉಸಿರ್ದಾಣ. ಅಲ್ಲಿ ಪದವೂ ಮುಗಿಯಬೇಕೆಂಬುದು ನಿಯಮ. ಕನ್ನಡ ಕವಿಗಳು ಈ ನಿಯಮವನ್ನು ಪಾಲಿಸಲಿಲ್ಲ. ಯತಿಸ್ಥಾನದಲ್ಲಿ ಪದವು ಮುರಿಯದೆ ಮುಂದಕ್ಕೆ ಹರಿದುಹೋಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಅಸಾಧಾರಣ ಲಕ್ಷಣಗಳನ್ನು ಹೇಳುವಾಗ ಯತಿವಿಲಂಘನವನ್ನೂ ಸೇರಿಸಿರುವುದು ವಿದ್ವಾಂಸರಿಗೆ ತಿಳಿದೇ ಇದೆ. ಉಸಿರು ಎಲ್ಲಿ ನಿಂತರೂ ಅನ್ವಯವು ತನ್ನ ದಾರಿಯಲ್ಲಿ ನಡೆಯತಕ್ಕದ್ದೆಂಬುದು ಇದರ ತಾತ್ಪರ್ಯ. ಮುಂದೆ ಹೇಳುವ ವಿಷಯಕ್ಕೆ ಈ ಅಂಶವು ಮುಖ್ಯವಾದುದರಿಂದ ಇಲ್ಲಿ ಸೂಚಿಸಲಾಗಿದೆ.

ಮರಾಠರ ಆಳ್ವಿಕೆಯಲ್ಲಿ ಈ ಸೀಮೆಯ ದಫ್ತರಗಳಿಗೆ ಬಂದ ಮೋಡಿ ಲಿಪಿಯೂ ಚಿಹ್ನೆಗಳನ್ನು ತರಲಿಲ್ಲ. ಕಾಗದದ ಉದ್ದಕ್ಕೂ ಮೊದಲೇ ಮೇಲ್ಗೆರೆಯನ್ನು ಎಳೆದುಕೊಂಡು, ಲೇಖನಿಯನ್ನು ಆದಷ್ಟು ಎತ್ತದೆ ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿ ಬರೆಯುವ ಈ ಲಿಪಿಯಲ್ಲಿ ಪದಗಳ ನಡುವೆ ತೆರಪು ಕಾಣುವುದೇ ಅಪರೂಪ. ಆದರೂ ವ್ಯವಹಾರವು ನಡೆಯಿತು. ಮರಾಠಿಯೂ ಕನ್ನಡದಂತೆ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವ ಭಾಷೆ. ಕನ್ನಡದ ‘ಎಂದು’ ಎಂಬುದಕ್ಕೆ ಸರಿಯಾಗಿ ಅದರಲ್ಲಿ ‘ಮ್ಹಣೂನ’ ಎಂಬುದುಂಟು. ಆದುದರಿಂದ ಜಮಖಂಡಿಯ ಕಾರಕೂನನು ಕನ್ನಡದಿಂದ ಮರಾಠಿಗೆ ದಾಟುವಾಗ ಲಿಪಿಯನ್ನೂ ಶಬ್ದಗಳನ್ನೂ ಕಲಿತರೆ ಸಾಕಾಗಿತ್ತು. ವಾಕ್ಯದ ಎಲ್ಲೆಗಳನ್ನು ಗುರುತಿಸುವ ಹೊಸ ಉಪಾಯವೊಂದನ್ನು ಕಲಿಯಬೇಕಾಗಿರಲಿಲ್ಲ. ಆ ಅವಶ್ಯಕತೆಯು ಇಂಗ್ಲಿಷಿನೊಡನೆ ಬಂದಿತು.

೩

ಯೂರೋಪಿನಲ್ಲಿಯೂ ಈ ಚಿಹ್ನೆಗಳು ಆದಿಯಿಂದ ಇದ್ದುವಲ್ಲ. ಪ್ರಾಚೀನ ಗ್ರೀಕ್ ಗ್ರಂಥಗಳು ನಮ್ಮ ಓಲೆಗಳಂತೆಯೇ ತೆರಪಿಲ್ಲದೆ ಬರೆಯಲ್ಪಟ್ಟಿದ್ದುವು. ಅರಿಸ್ಟಾಟಲನು ತನ್ನ ಅಲಂಕಾರಗ್ರಂಥದ ಮೂರನೆಯ ಭಾಗದಲ್ಲಿ, ಹೆರಾಕ್ಲೀಟಸನ ಬರವಣಿಗೆಯಲ್ಲಿ ವಾಕ್ಯವಿಭಾಗ ಮಾಡುವುದು ಕಷ್ಟವೆಂದೂ, ಅವನ ಗ್ರಂಥಾರಂಭದಲ್ಲಿಯೇ ‘ಯಾವಾಗಲೂ’ ಎಂಬರ್ಥದ ಪದವು ಹಿಂದಿನದಕ್ಕೆ ಸೇರತಕ್ಕದ್ದೋ ಮುಂದಿನದಕ್ಕೆ ಸೇರತಕ್ಕದ್ದೋ ತಿಳಿಯದೆಂದೂ ಆಕ್ಷೇಪಿಸಿದ್ದಾನೆ. ೧೮೮೬ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿಯೇ ಇಂಗ್ಲಿಷನ್ನು ಕಲಿತು, ೧೯೨೬ರಲ್ಲಿ ಉಪನಿಷದ್ದರ್ಶನವನ್ನು ಕುರಿತ ತಮ್ಮ ಇಂಗ್ಲಿಷು ಗ್ರಂಥವನ್ನು ಪ್ರಕಟಿಸಿದ ರಾ. ದ. ರಾನಡೆಯವರು ಈ ಹೆರಾಕ್ಲೀಟಸನನ್ನು ಕುರಿತೂ ಬರೆದಿದ್ದಾರೆ. ಚಿಹ್ನೆಯಿಲ್ಲದ ಸೂತ್ರವಾಕ್ಯಗಳನ್ನು ಅನ್ವಯಬಲದಿಂದಲೇ ಬಿಡಿಸುವ ಸಂಸ್ಕೃತಾಭ್ಯಾಸವೂ, ಚಿಹ್ನೆಗಳಿಂದ ಅನ್ವಯವನ್ನು ಸ್ಥಿರಪಡಿಸುವ ಇಂಗ್ಲಿಷು ಗದ್ಯವೂ ಈ ಸೀಮೆಯ ಒಬ್ಬ ಗ್ರಂಥಕರ್ತರಲ್ಲಿ ಕೂಡಿಬಂದುದಕ್ಕೆ ಇದು ನಿದರ್ಶನ.

ಕ್ರಿ.ಪೂ. ೨೦೦ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯಾ ನಗರದ ಗ್ರಂಥಭಂಡಾರಿಯಾಗಿದ್ದ ಅರಿಸ್ಟೋಫನೀಸನು ಸಾಲಿನ ಮೇಲೆ, ನಡುವೆ, ಕೆಳಗೆ ಚುಕ್ಕೆಗಳನ್ನಿಡುವ ಕ್ರಮವನ್ನು ಏರ್ಪಡಿಸಿದನು. ‘ಕಾಮಾ’, ‘ಕೋಲನ್’, ‘ಪೀರಿಯಡ್’ ಎಂಬ ಹೆಸರುಗಳು ಮೊದಲು ಚುಕ್ಕೆಗಳ ಹೆಸರಾಗಿರದೆ ವಾಕ್ಯಭಾಗಗಳ ಹೆಸರಾಗಿದ್ದುವು. ಕಾಮಾ ಎಂದರೆ ಕತ್ತರಿಸಿದ ತುಂಡು. ಕೋಲನ್ ಎಂದರೆ ಅಂಗ. ಪೀರಿಯಡ್ ಎಂದರೆ ಒಂದು ಸುತ್ತು ಪೂರ್ಣವಾಗಿ ಬಂದ ವಾಕ್ಯ. ಮುದ್ರಣವು ಬಂದ ಮೇಲೆ ವೆನಿಸ್ ನಗರದ ಆಲ್ಡಸ್ ಮನೂಷಿಯಸನು ೧೪೯೬ರಲ್ಲಿ ಅಚ್ಚುಹಾಕಿದ ಗ್ರಂಥದಲ್ಲಿ ಸೆಮಿಕೋಲನ್ ಮೊದಲು ಕಾಣಿಸಿಕೊಂಡಿತು. ಇಂಗ್ಲಿಷಿನಲ್ಲಿ ೧೬೪೦ರಲ್ಲಿ ಪ್ರಕಟವಾದ ಬೆನ್ ಜಾನ್ಸನನ ವ್ಯಾಕರಣವು ಈ ಚಿಹ್ನೆಗಳನ್ನು ಉಸಿರಿನೊಡನೆಯೂ ವಾಕ್ಯಾರ್ಥದೊಡನೆಯೂ ಕೂಡಿಸಿ ವಿಚಾರಿಸುತ್ತದೆ. ೧೭೯೫ರಲ್ಲಿ ಹೊರಟು ಬಹುಕಾಲ ಶಾಲೆಗಳನ್ನು ಆಳಿದ ಲಿಂಡ್ಲಿ ಮರೆಯ ವ್ಯಾಕರಣವು ವಾಕ್ಯಾಂಗಗಳನ್ನು ಕುರಿತ ನಿಯಮಗಳನ್ನು ವಿವರವಾಗಿ ಕೊಟ್ಟರೂ, ಲಕ್ಷಣವನ್ನು ಹೇಳುವಾಗ ಉಸಿರಿನ ಲೆಕ್ಕವನ್ನೇ ಹಿಡಿಯಿತು. ಕಾಮಾ ಅತ್ಯಲ್ಪವಾದ ನಿಲುಗಡೆ. ಸೆಮಿಕೋಲನ್ ಅದರ ಇಮ್ಮಡಿ. ಕೋಲನ್ ಸೆಮಿಕೋಲನಿನ ಇಮ್ಮಡಿ. ಪೀರಿಯಡ್ ಕೋಲನಿನ ಇಮ್ಮಡಿ ಎಂದು ಅದು ವಿಧಿಸಿತು. ಗುರುಲಘುಗಳ ಮಾತ್ರೆಗಳನ್ನು ಎಣಿಸಲು ಬಲ್ಲ ಕನ್ನಡಿಗನಿಗೆ ಇದಕ್ಕಿಂತ ಸುಲಭವಾಗಿ ಹಿಡಿಸುವ ಲಕ್ಷಣವು ಬೇರೊಂದಿರಲಾರದು. ಇದಕ್ಕಿಂತ ಸುಲಭವಾಗಿ ದಾರಿತಪ್ಪಿಸುವುದೂ ಇರಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಶನರಿಗಳ ಮುದ್ರಣಗಳಿಂದಲೂ ಶಾಲಾಪುಸ್ತಕಗಳಿಂದಲೂ ಇಂಗ್ಲಿಷು ಚಿಹ್ನೆಗಳು ಕನ್ನಡ ಗದ್ಯಕ್ಕೆ ಕ್ರಮಕ್ರಮವಾಗಿ ಬಂದುವು. ಅವುಗಳಿಗೆ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಎಂಬ ಹೆಸರುಗಳು ರೂಢಿಗೆ ಬಂದುವು. ಹೆಸರುಗಳು ಸುಂದರವಾದುವು, ಸುಲಭವಾದುವು. ಆದರೆ ಗ್ರೀಕರ ಹೆಸರುಗಳು ವಾಕ್ಯದ ಅಂಗಗಳನ್ನು ಹೇಳಿದುವಷ್ಟೆ. ಕನ್ನಡದ ಹೆಸರುಗಳು ನಿಲ್ಲುವ ಕಾಲವನ್ನು ಹೇಳುತ್ತವೆ. ಪಾಣಿನಿಯು ವಿರಾಮವೆಂಬ ಶಬ್ದವನ್ನು ಬಳಸಿದುದೂ ಧ್ವನಿಯ ನಿಲುಗಡೆಯೆಂಬ ಅರ್ಥದಲ್ಲಿಯೇ. ಹೀಗೆ ಇಂಗ್ಲಿಷು ವ್ಯಾಕರಣವು ತಾನೇ ಬಿಡುತ್ತ ಬಂದ ಉಸಿರಿನ ಸಿದ್ಧಾಂತವು ಕನ್ನಡದಲ್ಲಿ ಹೆಸರಿನ ಮೂಲಕ ಶಾಶ್ವತವಾಗಿ ನೆಲೆಗೊಂಡಿತು.

೪

ಇದರ ಪರಿಣಾಮವನ್ನು ಕೆಲವು ಉದಾಹರಣೆಗಳಿಂದ ಕಾಣಬಹುದು. ‘ಮಗ್ಗ ನಿಂತಿತು, ನೇಕಾರ ಎದ್ದನು’ ಎಂಬ ಕನ್ನಡ ವಾಕ್ಯದಲ್ಲಿ ಅಲ್ಪವಿರಾಮವು ಯಾರಿಗೂ ತಪ್ಪಾಗಿ ತೋರುವುದಿಲ್ಲ. ಎರಡು ಪೂರ್ಣಕ್ರಿಯಾಪದಗಳು ತಮ್ಮ ತಮ್ಮ ಎಲ್ಲೆಗಳನ್ನು ತಾವೇ ಕಾಯುತ್ತವೆ. ಇದನ್ನೇ ಇಂಗ್ಲಿಷಿನಲ್ಲಿ ‘ದಿ ಲೂಮ್ ಸ್ಟಾಪ್ಡ್, ದಿ ವೀವರ್ ರೋಸ್’ ಎಂದು ಬರೆದರೆ ದೋಷ. ಎರಡು ಸ್ವತಂತ್ರವಾಕ್ಯಗಳನ್ನು ಬರಿಯ ಕಾಮಾ ಕೂಡಿಸಲಾರದು. ಅಲ್ಲಿ ಫುಲ್‌ಸ್ಟಾಪನ್ನೋ ಸೆಮಿಕೋಲನ್ನನ್ನೋ ಇಡಬೇಕು; ಇಲ್ಲವೆ ಕಾಮಾದ ಮುಂದೆ ‘ಆ್ಯಂಡ್’ ಎಂಬ ಸಮುಚ್ಚಯಪದವನ್ನು ತರಬೇಕು. ನಿಲುಗಡೆಯ ಉದ್ದವನ್ನು ಎಷ್ಟು ಅಳೆದರೂ ಈ ನಿಯಮವು ಹೊಳೆಯುವುದಿಲ್ಲ.

ಎರಡನೆಯದು ಇದರ ವಿಪರ್ಯಯ. ಉದ್ದವಾದ ಕರ್ತೃಪದವಾದ ಮೇಲೆ ಕನ್ನಡದಲ್ಲಿ ಉಸಿರಿಗಾಗಿ ಅಲ್ಪವಿರಾಮವನ್ನಿಡುವುದು ವಾಡಿಕೆ. ಇಂಗ್ಲಿಷಿನಲ್ಲಿ ಕರ್ತೃಪದವು ಎಷ್ಟೇ ಉದ್ದವಾಗಿದ್ದರೂ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು. ಅಲ್ಲಿ ಉಸಿರು ನಿಂತರೂ ಸಂಬಂಧವು ಮುರಿಯತಕ್ಕದ್ದಲ್ಲ. ಯತಿವಿಲಂಘನವನ್ನು ತಿಳಿದವನಿಗೆ ಇದು ಹೊಸ ಮಾತಲ್ಲ.

ಮೂರನೆಯದು ಕನ್ನಡದಲ್ಲಿಯೇ ಸಂದಿಗ್ಧವಾದ ಸ್ಥಳ. ‘ಬನಹಟ್ಟಿಯಲ್ಲಿರುವ ನೇಕಾರರು ಸೀರೆ ನೇಯುತ್ತಾರೆ’ ಎಂಬ ವಾಕ್ಯದಲ್ಲಿ ‘ಇರುವ’ ಎಂಬ ಕೃದಂತವಿಶೇಷಣವು ಇತರ ಊರುಗಳ ನೇಕಾರರಿಂದ ಇವರನ್ನು ಬೇರ್ಪಡಿಸುತ್ತದೆಯೋ, ಮೊದಲೇ ಗೊತ್ತಾದ ನೇಕಾರರ ವಿಷಯದಲ್ಲಿ ಹೆಚ್ಚಿನ ಸಂಗತಿಯೊಂದನ್ನು ತಿಳಿಸುತ್ತದೆಯೋ ಎಂಬುದು ಸಂದರ್ಭದಿಂದಲೇ ಗೊತ್ತಾಗಬೇಕು. ಇಂಗ್ಲಿಷಿನಲ್ಲಿ ‘ದಿ ವೀವರ್ಸ್ ಹೂ ಲಿವ್ ಇನ್ ಬನಹಟ್ಟಿ’ ಎಂದು ಕಾಮಾ ಇಲ್ಲದೆ ಬರೆದರೆ ವ್ಯಾವರ್ತಕ. ‘ಹೂ’ ಎಂಬುದರ ಹಿಂದೆಯೂ ‘ಬನಹಟ್ಟಿ’ ಎಂಬುದರ ಮುಂದೆಯೂ ಎರಡು ಕಾಮಾಗಳನ್ನಿಟ್ಟರೆ ಕೇವಲ ವಿವರಣೆ. ಒಂದನ್ನು ಇಟ್ಟು ಇನ್ನೊಂದನ್ನು ಮರೆತರೆ ಎರಡೂ ಅಲ್ಲದ ಅಪಭ್ರಂಶ. ಇಲ್ಲಿ ಚಿಹ್ನೆಯು ತಿಳಿಸುವ ಅರ್ಥಭೇದಕ್ಕೆ ಕನ್ನಡದಲ್ಲಿ ಪ್ರತ್ಯಯವಿಲ್ಲ. ಆದುದರಿಂದಲೇ ಕನ್ನಡಿಗನಿಗೆ ಇದು ಅತ್ಯಂತ ಕಷ್ಟವಾದ ನಿಯಮ.

ನಾಲ್ಕನೆಯ ಉದಾಹರಣೆಯನ್ನು ರನ್ನನ ಸಂಬಂಧದಿಂದಲೇ ಕಲ್ಪಿಸಬಹುದು. ‘ದಿ ಪೊಯೆಟ್ ಸೆಡ್ ದಿ ಕಿಂಗ್ ವಾಸ್ ಬ್ರೇವ್’ ಎಂದರೆ ಅರಸನು ಶೂರನೆಂದು ಕವಿ ಹೇಳಿದನೆಂದು ಅರ್ಥ. ಅದೇ ಪದಗಳನ್ನು ಅದೇ ಕ್ರಮದಲ್ಲಿಟ್ಟು, ‘ಪೊಯೆಟ್’ ಆದ ಮೇಲೊಂದು, ‘ಕಿಂಗ್’ ಆದ ಮೇಲೊಂದು ಕಾಮಾ ಇಟ್ಟರೆ ಹೊಗಳುವವನು ಅರಸ, ಹೊಗಳಿಸಿಕೊಳ್ಳುವವನು ಕವಿ. ಕನ್ನಡದಲ್ಲಿ ‘ಅರಸನು ಶೂರನೆಂದು ಕವಿ ಹೇಳಿದನು’ ಎಂಬುದೂ ‘ಕವಿಯು ಶೂರನೆಂದು ಅರಸನು ಹೇಳಿದನು’ ಎಂಬುದೂ ಬೇರೆ ಬೇರೆ ವಾಕ್ಯಗಳಾಗಿಯೇ ನಿಲ್ಲುತ್ತವೆ.

ಐದನೆಯದಾದ ಅಪಾಸ್ಟ್ರಫಿಯಂತೂ ಉಸಿರಿನ ಸಿದ್ಧಾಂತವನ್ನು ಪೂರ್ತಿಯಾಗಿ ಖಂಡಿಸುತ್ತದೆ. ‘ಅರಸನ ಕುದುರೆಗಳು’, ‘ಅರಸರ ಕುದುರೆಗಳು’ ಎಂಬ ಭೇದವು ಕನ್ನಡದಲ್ಲಿ ಕಿವಿಗೆ ಕೇಳುತ್ತದೆ. ಇಂಗ್ಲಿಷಿನ ‘ಕಿಂಗ್ಸ್’ ಎಂಬಲ್ಲಿ ಎರಡೂ ಒಂದೇ ಉಚ್ಚಾರ. ಚಿಹ್ನೆಯು ‘ಎಸ್’ ಅಕ್ಷರದ ಹಿಂದಿದೆಯೋ ಮುಂದಿದೆಯೋ ಎಂಬುದನ್ನು ಕಣ್ಣು ಮಾತ್ರ ಬಲ್ಲದು. ಉಸಿರಿಗೆ ಅಲ್ಲಿ ಕೆಲಸವೇ ಇಲ್ಲ. ಅದು ಷಷ್ಠೀವಿಭಕ್ತಿಯ ಕುರುಹು.

೫

ಚಿಹ್ನೆಯನ್ನಿಡುವುದು ಅರ್ಥವನ್ನು ನಿರ್ಣಯಿಸುವ ಕಾರ್ಯವೆಂಬುದು ನ್ಯಾಯಶಾಸ್ತ್ರಜ್ಞರಿಗೂ ತಿಳಿದಿತ್ತು. ಬರ್ದ್ವಾನದ ಮಹಾರಾಣಿಯ ಮೊಕದ್ದಮೆಯಲ್ಲಿ, ಕಾನೂನುಗಳಿಗೆ ಅರ್ಥಮಾಡುವಾಗ ಚಿಹ್ನೆಗಳನ್ನು ಅವಲಂಬಿಸುವುದು ಪ್ರಮಾದವೆಂದು ೧೮೮೭ರಲ್ಲಿ ವರದಿಯಾದ ಪ್ರಿವಿ ಕೌನ್ಸಿಲಿನ ತೀರ್ಪು ಹೇಳಿತು. ೧೯೧೬ರಲ್ಲಿ ರಾಜದ್ರೋಹಕ್ಕಾಗಿ ವಿಚಾರಣೆಗೆ ಗುರಿಯಾದ ಐರ್ಲೆಂಡಿನ ರೋಜರ್ ಕೇಸ್ಮೆಂಟನ ವ್ಯಾಜ್ಯದಲ್ಲಿ, ೧೩೫೧ರಲ್ಲಿ ನಾರ್ಮನ್ ಫ್ರೆಂಚ್ ಭಾಷೆಯಲ್ಲಿ ಬರೆದ ಕಾನೂನಿನ ‘ರಾಜ್ಯದಲ್ಲಾಗಲಿ ಬೇರೆಡೆಯಲ್ಲಾಗಲಿ’ ಎಂಬರ್ಥದ ಮಾತು ಹಿಂದಿನ ಯಾವ ಪದಗಳಿಗೆ ಅನ್ವಯಿಸುವುದೆಂಬುದೇ ಚರ್ಚೆಯ ವಿಷಯವಾಯಿತು. ನ್ಯಾಯಾಧೀಶರು ಮೂಲದ ಸುರುಳಿಯನ್ನೇ ತೆಗೆಯಿಸಿ ನೋಡಿದರು. ಅವನಿಗೆ ಮರಣದಂಡನೆಯಾಯಿತು. ಆತನನ್ನು ಗಲ್ಲಿಗೇರಿಸಿದ್ದು ಒಂದು ಕಾಮಾ ಎಂಬ ಮಾತು ಅಂದಿನಿಂದ ಬಳಕೆಗೆ ಬಂದಿತು.

ಕನ್ನಡ ಗ್ರಂಥಸಂಪಾದಕನಿಗೂ ಇದು ದೂರದ ವಿಷಯವಲ್ಲ. ತೇರದಾಳದ ಶಿಲೆಯಂತಹ ಶಾಸನವನ್ನೋ ರನ್ನನ ಓಲೆಯನ್ನೋ ಅಚ್ಚಿಗೆ ಕೊಡುವವನು ಪದಗಳನ್ನು ಬಿಡಿಸಿ, ಕಾಮಾ ಪ್ರಶ್ನಾರ್ಥಕ ಉದ್ಧರಣಗಳನ್ನಿಡುವಾಗ ಮೂಲದಲ್ಲಿಲ್ಲದ ವ್ಯಾಖ್ಯಾನವನ್ನೇ ಸೇರಿಸುತ್ತಾನೆ. ಮಾತು ಎಲ್ಲಿ ಮುಗಿಯುವುದೆಂದು ‘ಎಂದು’ ಎಂಬುದು ಹೇಳುತ್ತದೆ. ಎಲ್ಲಿ ಆರಂಭವಾಗುವುದೆಂದು ಅದು ಹೇಳದು. ಆರಂಭದ ಉದ್ಧರಣಚಿಹ್ನೆಯು ಆದುದರಿಂದ ಸಂಪಾದಕನ ನಿರ್ಣಯ. ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು ರಚಿಸಿ, ಮಾತುಗಳನ್ನು ಆಡುವವರ ಹೆಸರಿನ ಮುಂದೆ ಹಂಚಿಕೊಟ್ಟುದು ಇಂತಹ ನಿರ್ಣಯಗಳ ಅತ್ಯಂತ ವಿಸ್ತೃತ ರೂಪವೆನ್ನಬಹುದು. ಕಾವ್ಯದೊಳಗೆ ಅಡಗಿದ್ದ ನಾಟಕವು ಹೊರಬಿದ್ದುದು ಹೊಸ ಮಾತುಗಳಿಂದಲ್ಲ. ಮಾತುಗಳ ಎಲ್ಲೆಗಳನ್ನು ಗುರುತಿಸಿದುದರಿಂದ.

ಮೇಲ್ಕಂಡ ವಿಚಾರಗಳಿಂದ ಅಧ್ಯಾಪಕರು ಗ್ರಹಿಸತಕ್ಕ ಅಂಶವು ಒಂದೇ. ಇಂಗ್ಲಿಷು ಚಿಹ್ನೆಗಳನ್ನು ಕಲಿಸುವಾಗ ‘ಇಲ್ಲಿ ಎಷ್ಟು ಹೊತ್ತು ನಿಲ್ಲಬೇಕು’ ಎಂದು ಕೇಳದೆ, ‘ಇಲ್ಲಿ ಕನ್ನಡದ ಯಾವ ಪ್ರತ್ಯಯವು ಇರಬೇಕಾಗಿತ್ತು’ ಎಂದು ಕೇಳತಕ್ಕದ್ದು. ಪೂರ್ಣಕ್ರಿಯೆಯ ಸ್ಥಾನದಲ್ಲಿ ಫುಲ್‌ಸ್ಟಾಪೂ, ‘ಎಂದು’ ಎಂಬುದರ ಸ್ಥಾನದಲ್ಲಿ ಉದ್ಧರಣವೂ, ಸಮುಚ್ಚಯದ ‘ಊ’ ಎಂಬುದರ ಸ್ಥಾನದಲ್ಲಿ ಕಾಮಾವೂ, ಷಷ್ಠಿಯ ಸ್ಥಾನದಲ್ಲಿ ಅಪಾಸ್ಟ್ರಫಿಯೂ ನಿಂತಿರುವುದನ್ನು ವಿದ್ಯಾರ್ಥಿಯು ಒಮ್ಮೆ ಕಂಡನೆಂದರೆ, ಕನ್ನಡದಲ್ಲಿ ಸಮಾನರೂಪವಿಲ್ಲದ ವ್ಯಾವರ್ತಕ-ವಿವರಣ ಭೇದವೊಂದನ್ನು ಮಾತ್ರ ಬೇರೆಯಾಗಿ ಕಲಿಯುವುದು ಉಳಿಯುತ್ತದೆ. ಅಲ್ಪವಿರಾಮವೆಂಬ ಹೆಸರನ್ನು ಈಗ ಬಿಡುವುದು ಸಾಧ್ಯವಲ್ಲ, ಬಿಡಬೇಕಾದುದೂ ಇಲ್ಲ. ಆದರೆ ಆ ಹೆಸರಿನಲ್ಲಿರುವ ವಿರಾಮವು ಉಸಿರಿಗೆ ಸೇರಿದ್ದಲ್ಲ, ಅನ್ವಯಕ್ಕೆ ಸೇರಿದ್ದೆಂಬುದನ್ನು ಪಾಠದ ಮೊದಲ ದಿನವೇ ಹೇಳುವುದು ಅವಶ್ಯ. ಉಸಿರನ್ನೂ ಅನ್ವಯವನ್ನೂ ಬೇರೆಬೇರೆಯಾಗಿ ತಿಳಿದು ಕಾವ್ಯಕಟ್ಟಿದ ಕವಿಗಳ ನಾಡಿನಲ್ಲಿ ಈ ಪಾಠವು ಕಠಿನವಾಗಬೇಕಾದ ಕಾರಣವಿಲ್ಲ.